ಕಹಿಯನ್ನೇ ಬಳುವಳಿ ಕೊಡುವ ಪತಂಗ

ಹಾವೇರಿ, ರಾಣೆಬೆನ್ನೂರು ಕಡೆ ಸೆಣಬು ಬಿತ್ತಿದ ಹೊಲದ ಬದುವಿನ ಮೇಲೆ ಹಗಲಿನಲ್ಲಿ ನಡೆದು ನೋಡಿ. ಕಾಲಬುಡದಿಂದ ಬಿಳಿ ಚೂರೊಂದು ಎದ್ದು, ನಾಲ್ಕು ಮಾರು ಹಾರಿ, ಮತ್ತೆ ಹುಲ್ಲಿಗಿಳಿಯುತ್ತದೆ. ಪಾತರಗಿತ್ತಿ ಎಂದುಕೊಂಡು ಬಗ್ಗಿದರೆ ಮೀಸೆಯ ತುದಿಯಲ್ಲಿ ಗುಂಡು ಕಾಣುವುದಿಲ್ಲ. ಬಿಳಿ ರೆಕ್ಕೆಗಳ ಮೇಲೆ ಕೆಂಪು, ಕಪ್ಪು ಚುಕ್ಕೆಗಳು. ಇದು ಪತಂಗ, ವಿಜ್ಞಾನದ ಹೆಸರು ಯುಟೆಥೈಸಾ. ರಾತ್ರಿ ದೀಪಕ್ಕೂ ಬರುತ್ತದೆ. ಆದರೆ ಹಕ್ಕಿಗಳು ಎಚ್ಚರವಿರುವ ಹೊತ್ತಿನಲ್ಲೇ ಇಷ್ಟು ಸಾವಕಾಶವಾಗಿ ಹಾರಾಡುವ ಧೈರ್ಯ ಇದಕ್ಕೆ ಎಲ್ಲಿಂದ ಬಂತು?

ಸೆಣಬಿನಿಂದ. ಸೆಣಬು ಮತ್ತು ಒಣಗಿದ ಕಾಯಿ ಗಿಲಿಗಿಲಿ ಎನ್ನುವ ಅದರ ಕಾಡು ಬಳಗದ ಗಿಡಗಳಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ಕಹಿ ವಿಷವಿದೆ. ದನಕರುಗಳ ಯಕೃತ್ತನ್ನು ಕೆಡಿಸುವ ವಿಷ ಅದು. ಈ ಪತಂಗದ ಕಂಬಳಿಹುಳು ಎಲೆ ತಿನ್ನುತ್ತದೆ, ಕಾಯಿ ಕೊರೆದು ಬೀಜವನ್ನೂ ತಿನ್ನುತ್ತದೆ. ಬೀಜದಲ್ಲೇ ವಿಷ ಹೆಚ್ಚು. ಹುಳು ಅದನ್ನು ಮೈಯಲ್ಲಿ ಕೂಡಿಡುತ್ತದೆ; ಕೋಶವಾಗಿ, ರೆಕ್ಕೆ ಬಂದ ಮೇಲೂ ಆ ಗಂಟು ಕರಗುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕೆಂಪು ಬಹಳ, ಖಾರ ಕಡಿಮೆ. ಈ ಪತಂಗದ ಕೆಂಪು ಹಾಗಲ್ಲ, ಬಣ್ಣದ ಹಿಂದೆ ನಿಜವಾದ ಕಹಿಯಿದೆ. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಆ ಚುಕ್ಕೆಗಳನ್ನು ನೆನಪಿಟ್ಟುಕೊಳ್ಳುತ್ತದೆ.

ಇದರ ಅಮೆರಿಕದ ದಾಯಾದಿಯ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಹಲವು ವರ್ಷ ಕೆಲಸ ಮಾಡಿದರು. ಅವರು ಕಂಡದ್ದನ್ನು ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ. ಬಲೆಗೆ ಬಿದ್ದ ಪತಂಗವನ್ನು ಜೇಡ ಮುಟ್ಟಿ ನೋಡಿ, ಸುತ್ತಲಿನ ಎಳೆಗಳನ್ನು ತಾನೇ ಕತ್ತರಿಸಿ ಬಿಟ್ಟುಬಿಡುತ್ತದೆ! ವಿಷವಿಲ್ಲದ ಆಹಾರದಲ್ಲಿ ಬೆಳೆಸಿದ ಪತಂಗವನ್ನಾದರೆ ತಿಂದು ಮುಗಿಸುತ್ತದೆ. ಗಂಡು ಅದೇ ವಿಷದಿಂದ ಒಂದು ಗಂಧ ತಯಾರಿಸಿಕೊಂಡು ಹೆಣ್ಣಿನೆದುರು ಬೀರುತ್ತದೆ. ಗಂಧ ಹೆಚ್ಚಿದ್ದರೆ ಕೂಡಿಟ್ಟ ವಿಷವೂ ಹೆಚ್ಚು ಎಂದು ಅರ್ಥ. ಹೆಣ್ಣು ಅಂಥದ್ದನ್ನೇ ಒಪ್ಪುತ್ತದೆ. ಕೂಡುವಾಗ ಗಂಡು ವೀರ್ಯದ ಜೊತೆ ವಿಷದ ಒಂದು ಪಾಲನ್ನೂ ಕೊಡುತ್ತದೆ. ಹೆಣ್ಣು ತನ್ನ ಪಾಲನ್ನೂ ಸೇರಿಸಿ ಮೊಟ್ಟೆಗಳಿಗೆ ಹಂಚುತ್ತದೆ. ಹಾಗಾಗಿ ಗುಲಗಂಜಿ ಹುಳುಗಳೂ ಆ ಮೊಟ್ಟೆಗಳಿಗೆ ಬಾಯಿ ಹಾಕಲು ಹಿಂಜರಿಯುತ್ತವೆ. ಅಪ್ಪ ಅವ್ವ ಇಬ್ಬರೂ ಕೂಡಿ ಕೊಟ್ಟ ಬಳುವಳಿ ಅದು.

ಬೀಜಕ್ಕಾಗಿ ಸೆಣಬು ಬೆಳೆಯುವವರಿಗೆ ಕಾಯಿ ಕೊರೆಯುವ ಈ ಹುಳು ನಷ್ಟ ತರುತ್ತದೆ, ನಿಜ. ಆದರೆ ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿದ ಸೆಣಬನ್ನು ಹೂ ಬಿಡುವ ಹೊತ್ತಿಗೇ, ಸುಮಾರು 45 ದಿನಕ್ಕೆ, ಮಣ್ಣಿಗೆ ಮಗುಚುತ್ತೇವಲ್ಲ; ಕಾಯಿ ಕಟ್ಟುವ ಮಾತೇ ಇಲ್ಲ. ಅಲ್ಲಿ ನಾಲ್ಕು ಕಂಬಳಿಹುಳು ಕಂಡವೆಂದು ದಯವಿಟ್ಟು ಎಣ್ಣೆ ಹೊಡೆಯಬೇಡಿ.