ರಕ್ತದೊತ್ತಡ: ಗುಣವಾಯಿತೆಂದು ಗುಳಿಗೆ ಬಿಡಬಹುದೆ?

ಔರಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ದೊಡ್ಡಪ್ಪನವರು ಬೆಳಗಿನ ಪೂಜೆಗೆ ಕುಳಿತಾಗ, ದೊಡ್ಡಮ್ಮ ಪಕ್ಕದಲ್ಲಿ ಕುಳಿತು ಅವರ ಎಡ ಅಂಗೈಯನ್ನು ಕೆಳಗಿನಿಂದ ಆನಿಸಿ ಹಿಡಿಯುತ್ತಾರೆ. ಐವತ್ತು ವರ್ಷಗಳ ಕಾಲ ಇಷ್ಟಲಿಂಗವನ್ನು ಅಲುಗದಂತೆ ಹಿಡಿದಿದ್ದ ಆ ಕೈಗೆ ಈಗ ಸ್ವಾಧೀನವಿಲ್ಲ. ಪಾರ್ಶ್ವವಾಯು, ನಮ್ಮ ಕಡೆಯ ಜನರ ಮಾತಿನಲ್ಲಿ ಲಕ್ವಾ, ಮೂರು ವರ್ಷಗಳ ಹಿಂದೆ ಜೋಳದ ರಾಶಿಯ ದಿನಗಳಲ್ಲಿ ಅವರನ್ನು ಬಡಿಯಿತು.

ಅದು ಸಿಡಿಲಿನಂತೆ ಬಂದಿತೆಂದು ಊರವರು ಹೇಳಿದರು. ವಾಸ್ತವ ಹಾಗಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಭಾಲ್ಕಿಯಲ್ಲಿ ನಡೆದ ತಪಾಸಣಾ ಶಿಬಿರವೊಂದರಲ್ಲಿ ಅವರ ರಕ್ತದೊತ್ತಡ 170/100 ಎಂದು ಕಂಡುಬಂದಿತ್ತು. ಬರೆದುಕೊಟ್ಟ ಗುಳಿಗೆಗಳನ್ನು ನಾಲ್ಕು ತಿಂಗಳು ತಪ್ಪದೆ ಸೇವಿಸಿದರು. ಮತ್ತೆ ನೋಡಿಸಿದಾಗ 128/80. “ಬಿ.ಪಿ. ಹೋಯಿತು” ಎಂದು ಸಂತೋಷದಿಂದ ಮನೆಗೆ ಬಂದವರು ಗುಳಿಗೆ ನಿಲ್ಲಿಸಿಬಿಟ್ಟರು. ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ. ನಾಲ್ಕಕ್ಷರ ಕಲಿತು ಬೀದರ್ ನಗರದಲ್ಲಿ ನೆಲೆಸಿರುವ ನಾನೂ ವಿಚಾರಿಸಲಿಲ್ಲ.

ನಾವು ಅರಿಯದೇ ಹೋದದ್ದು ಇಷ್ಟೇ: 128/80 ಎಂಬುದು ದೊಡ್ಡಪ್ಪನವರ ದೇಹದ ಅಂಕಿಯಾಗಿರಲಿಲ್ಲ, ಗುಳಿಗೆಯ ಅಂಕಿಯಾಗಿತ್ತು. ಜ್ವರದ ಗುಳಿಗೆಯನ್ನು ಜ್ವರ ಇಳಿದ ಮೇಲೆ ಬಿಡುತ್ತೇವೆ. ರಕ್ತದೊತ್ತಡದ ಗುಳಿಗೆಯಾದರೋ ಏರಲೆಳಸುವ ಒತ್ತಡವನ್ನು ದಿನದಿನವೂ ಒತ್ತಿಹಿಡಿಯುವಂಥದು. ಕೈಬಿಟ್ಟ ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಒತ್ತಡ ಮೊದಲಿನ ಎತ್ತರಕ್ಕೆ ಮರಳುತ್ತದೆ.

ಹೃದಯವು ಸಂಕುಚಿಸಿ ರಕ್ತವನ್ನು ಹೊರದೂಡುವಾಗ ಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಎರಡು ಬಡಿತಗಳ ನಡುವೆ ಹೃದಯ ವಿರಮಿಸಿದಾಗ ಉಳಿಯುವ ಒತ್ತಡ ಕೆಳಗಿನ ಅಂಕಿ. 1896ರಲ್ಲಿ ಇಟಲಿಯ ವೈದ್ಯ ರಿವಾ-ರೊಚ್ಚಿ ತೋಳಿಗೆ ಪಟ್ಟಿ ಸುತ್ತಿ ಪಾದರಸದ ಕಂಬದಲ್ಲಿ ಒತ್ತಡವನ್ನಳೆಯುವ ಉಪಕರಣವನ್ನು ರೂಪಿಸಿದನು. 1905ರಲ್ಲಿ ರಷ್ಯದ ಕೊರೊಟ್ಕೊಫ್ ಅದಕ್ಕೆ ಸ್ಟೆತಾಸ್ಕೋಪಿನ ಸದ್ದನ್ನು ಜೋಡಿಸಿದನು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಅದನ್ನು ಅಧಿಕ ರಕ್ತದೊತ್ತಡವೆನ್ನುತ್ತಾರೆ. ಬಹುಪಾಲು ಜನರಲ್ಲಿ ಇದಕ್ಕೆ ಒಂದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ವಂಶ, ವಯಸ್ಸು, ಉಪ್ಪು, ದೇಹದ ತೂಕ, ಮದ್ಯ, ದುಡಿಮೆಯಿಲ್ಲದ ಮೈ, ಎಲ್ಲವೂ ಪಾಲುಗೊಳ್ಳುತ್ತವೆ. ತಲೆನೋವು, ತಲೆಸುತ್ತು ಬಂದರಷ್ಟೇ ಬಿ.ಪಿ. ಎಂಬ ನಂಬಿಕೆ ತಪ್ಪು. ಯಾವ ಸೂಚನೆಯನ್ನೂ ನೀಡದೆ ಅದು ವರ್ಷಗಟ್ಟಲೆ ಹೃದಯವನ್ನೂ ಮೂತ್ರಪಿಂಡಗಳನ್ನೂ ಕಣ್ಣಿನ ಸೂಕ್ಷ್ಮ ನಾಳಗಳನ್ನೂ ಸವೆಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಇದು ಇದೆ.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ಒತ್ತಡ ವರ್ಷವರ್ಷವೂ ಏರುತ್ತಿದ್ದುದನ್ನು ವೈದ್ಯರು ಬಲ್ಲರು. ಇಳಿಸುವ ಸಮರ್ಥ ಔಷಧವೇ ಅಂದು ಇರಲಿಲ್ಲ. ನಾಲ್ಕು ವರ್ಷಗಳ ಬಳಿಕ, 1949ರಲ್ಲಿ, ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು ನಮ್ಮ ಸರ್ಪಗಂಧಿಯ ಬೇರು ಒತ್ತಡವನ್ನು ಇಳಿಸುವುದೆಂಬುದನ್ನು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. (ಹಾಗೆಂದು ಜಾತ್ರೆಯಲ್ಲಿ ಮಾರುವ ಬೇರಿನ ಪುಡಿಯನ್ನು ಗುಳಿಗೆಯ ಜೊತೆ ಬೆರೆಸಿ ನುಂಗಬೇಡಿ. ಅದರ ಸತ್ತ್ವ ಮನಸ್ಸನ್ನು ಖಿನ್ನತೆಗೆ ದೂಡುವುದೆಂದು ತಿಳಿದ ಮೇಲೆ ಅದರ ಬಳಕೆ ಬಹಳ ಕುಗ್ಗಿತು.) ಅಂದು ಶ್ವೇತಭವನಕ್ಕೂ ದೊರೆಯದಿದ್ದ ಚಿಕಿತ್ಸೆ ಇಂದು ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಮುಂತಾದ ಹೆಸರುಗಳಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿಯೂ ಜನೌಷಧಿ ಅಂಗಡಿಗಳಲ್ಲಿ ಅಲ್ಪ ಬೆಲೆಗೂ ಸಿಗುತ್ತದೆ.

ಗುಳಿಗೆ ಬಿಡುವವರೆಲ್ಲರೂ ಉದಾಸೀನರಲ್ಲ. ಆಮ್ಲೋಡಿಪಿನ್ ಕೆಲವರಿಗೆ ಪಾದದ ಊತ ತರುತ್ತದೆ. ಎನಾಲಾಪ್ರಿಲ್ ಒಣಕೆಮ್ಮು ತರಬಹುದು. ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ಬೇಸಿಗೆಯ ಬಿಸಿಲಿನಲ್ಲಿ ತಲೆ ಸುತ್ತಬಹುದು. ಆಗ ವೈದ್ಯರನ್ನು ಕಂಡು ಔಷಧ ಬದಲಿಸಿಕೊಳ್ಳಬೇಕು. ನಿಲ್ಲಿಸುವುದೂ ನೆರೆಮನೆಯವರ ಗುಳಿಗೆ ಎರವಲು ತರುವುದೂ ಸಲ್ಲದು. ಹೈದರಾಬಾದು, ಪುಣೆಗಳಿಗೆ ದುಡಿಯಲು ಹೋಗುವವರ ಗಂಟಿನಲ್ಲಿ ತಿಂಗಳ ಗುಳಿಗೆಯೂ ಚೀಟಿಯೂ ಇರಲಿ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಒತ್ತಡವನ್ನು ಏರಿಸುತ್ತವೆ ಎಂಬುದು ನಮ್ಮ ರೈತಾಪಿ ಮನೆಗಳಲ್ಲಿ ಬಹುಮಂದಿಗೆ ತಿಳಿಯದು.

ಇನ್ನು ಉಪ್ಪು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚೆಯೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಜೋಳದ ರೊಟ್ಟಿಯಲ್ಲಿ ದೋಷವಿಲ್ಲ. ಅದನ್ನು ಬಹುಮಂದಿ ಉಪ್ಪಿಲ್ಲದೆಯೇ ಬಡಿಯುತ್ತಾರೆ. ದೋಷವೆಲ್ಲ ರೊಟ್ಟಿಯ ಸುತ್ತ ಕುಳಿತಿರುವ ಪರಿವಾರದ್ದು: ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ, ಕೆಂಪು ಖಾರ, ಸಂಜೆಯ ಮಿರ್ಚಿ ಭಜಿ. ಉಪವಾಸದ ಸೈಂಧವ ಲವಣ ನಿರಪಾಯವೆಂದು ಹಲವರು ತಿಳಿದಿದ್ದಾರೆ. ಅದೂ ಬಹುತೇಕ ಅದೇ ಸೋಡಿಯಂ. ಒಬ್ಬರಿಗಾಗಿ ಬೇರೆ ಅಡಿಗೆ ಮಾಡುವುದು ನಾಲ್ಕು ದಿನವೂ ನಡೆಯದು. ಇಡೀ ಮನೆಯ ಸಾರಿನಲ್ಲಿ ಸ್ವಲ್ಪ ಸ್ವಲ್ಪವೇ ಉಪ್ಪು ತಗ್ಗಿಸಿದರೆ ಕೆಲವು ವಾರಗಳಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ.

ಅಳೆಯುವುದರಲ್ಲಿಯೂ ನಾವು ಅವಸರಪಡುತ್ತೇವೆ. ಬಸ್ಸಿನಿಂದಿಳಿದು, ಚಹಾ ಕುಡಿದು, ಮಾತನಾಡುತ್ತಲೇ ತೋಳು ಚಾಚಿದರೆ ಬರುವ ಅಂಕಿ ನಂಬತಕ್ಕದ್ದಲ್ಲ. ಅರ್ಧ ಗಂಟೆ ಮೊದಲಿನಿಂದ ಚಹಾ, ತಂಬಾಕು ಬೇಡ. ಮೂತ್ರ ವಿಸರ್ಜಿಸಿ, ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಮೌನವಾಗಿ ಕುಳಿತು ಅಳೆಸಬೇಕು.

ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳ ವಿಷಯವನ್ನು ಹೇಳದೆ ಬಿಡಲಾಗದು. ಕುಬಸದ ಸಡಗರದಲ್ಲಿ ಗಂಡನ ಮನೆಯ ತಾಯಿ ಕಾರ್ಡು ಅಲ್ಲಿಯೇ ಉಳಿದುಬಿಡುತ್ತದೆ; ಮೊದಲಿನ ಒತ್ತಡ ಎಷ್ಟಿತ್ತೆಂಬುದು ಇಲ್ಲಿಯ ದಾದಿಗೆ ತಿಳಿಯದು. ಐದು ತಿಂಗಳು ಕಳೆದ ಮೇಲೆ ಒತ್ತಡ ಏರಿ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಊತ ಕಂಡರೆ ಅದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಟೆಲ್ಮಿಸಾರ್ಟಾನಿನಂಥ ಗುಳಿಗೆ ಗರ್ಭಿಣಿಯರಿಗೆ ವರ್ಜ್ಯ. ಮೊದಲಿನಿಂದ ಅದನ್ನು ಸೇವಿಸುತ್ತಿದ್ದವರು ಗರ್ಭ ನಿಂತ ಸೂಚನೆ ಕಂಡೊಡನೆ ವೈದ್ಯರಿಗೆ ತಿಳಿಸಿ ಬೇರೆ ಔಷಧ ಪಡೆಯಬೇಕು.

ದೊಡ್ಡಪ್ಪನವರ ಬಾಯಿ ಓರೆಯಾದದ್ದು ಬೆಳಗಿನ ಆರು ಗಂಟೆಗೆ. ಮಾತು ತೊದಲಿತು, ಎಡಗೈ ಜೋತುಬಿದ್ದಿತು. ಮನೆಯವರು ಮೊದಲು ಎಣ್ಣೆ ತಿಕ್ಕುವವರಲ್ಲಿಗೆ ಕರೆದೊಯ್ದರು. ಔರಾದಿನಿಂದ ಬೀದರಿಗೆ ಸುಮಾರು 40 ಕಿಲೋಮೀಟರು. ಅವರು ಬೀದರ್ ಮುಟ್ಟಿದಾಗ ಸಂಜೆಯಾಗಿತ್ತು. ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಗಳೊಳಗೆ, ಅದೂ ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕೊಡಬೇಕು. ಆ ಅವಧಿ ಕಳೆದುಹೋಗಿತ್ತು. 108ಕ್ಕೆ ಕರೆ ಮಾಡಿ ನೇರವಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕಿತ್ತೆಂದು ನಮಗೆ ಹೇಳಿದವರು ಮರುದಿನದ ವೈದ್ಯರು. ಈಗ ದೊಡ್ಡಮ್ಮನವರಿಗೂ 150/90 ಇದೆ. ಪೂಜೆ ಮುಗಿದೊಡನೆ ಇಬ್ಬರ ಗುಳಿಗೆಯನ್ನೂ ತೆಗೆದು, ಗೋಡೆಯ ಪಂಚಾಂಗದಲ್ಲಿ ಆ ದಿನದ ಮನೆಗೆ ಪೆನ್ಸಿಲಿನಿಂದ ಎರಡು ಗೀಟು ಎಳೆಯುತ್ತಾರೆ.