ಕೌಪೀನಕ್ಕೊಂದು ಬೆಕ್ಕು, ಗೇಮಿನ ಡಬ್ಬಿಗೊಂದು ಟಿ.ವಿ.

ದಾವಣಗೆರೆ: ಸನ್ಯಾಸಿಯೊಬ್ಬ ತನ್ನ ಕೌಪೀನವನ್ನು ಇಲಿ ಕಡಿಯುತ್ತದೆಂದು ಬೆಕ್ಕು ಸಾಕಿದನಂತೆ. ಬೆಕ್ಕಿಗೆ ಹಾಲು ಬೇಕಾಯಿತು, ಹಸು ಕಟ್ಟಿದ. ಹಸುವಿಗೆ ಮೇವು ಬೇಕಾಯಿತು, ಹೊಲ ಹಿಡಿದ. ಹೊಲ ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಬೇಕೆಂದು ಮದುವೆಯೂ ಆದ. ಎಲ್ಲ ಮುಗಿದ ಮೇಲೆ ನೋಡಿದರೆ ಕೌಪೀನ ಎಲ್ಲಿಟ್ಟಿದ್ದೇನೆಂಬುದೇ ಅವನಿಗೆ ಮರೆತುಹೋಗಿತ್ತು.

ಈ ಕಥೆ ಈಗ ಯಾಕೆ ಅಂದರೆ, 2025ರ ದೀಪಾವಳಿಯ ಹೊತ್ತಿನಲ್ಲಿ ಇದೇ ಸನ್ಯಾಸಿ ಮಂಡಿಪೇಟೆಯ ಒಂದು ದಲಾಲಿ ಅಂಗಡಿಯ ಗುಮಾಸ್ತರ ರೂಪದಲ್ಲಿ ಮತ್ತೆ ಹುಟ್ಟಿ ಬಂದಿದ್ದರು. ತಿಂಗಳಿಗೆ 18,000 ರೂಪಾಯಿ ಸಂಬಳ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗಳು ದ್ವಿತೀಯ ಪಿಯುಸಿ, ಮಗ ಪ್ರಥಮ ಪಿಯುಸಿ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ತಂದರೆ ಟಿ.ವಿ.ಗೆ ಹಾಕಿ ಆಡುವ ವಿಡಿಯೋ ಗೇಮಿನ ಡಬ್ಬಿ ಕೊಡಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಹುಡುಗ ತೊಂಬತ್ತೆರಡು ತಂದ. ಮಾತು ಕೊಟ್ಟ ಮೇಲೆ ಹಿಂದೆ ಸರಿಯುವುದುಂಟೆ?

ಡಬ್ಬಿ ಎಷ್ಟಾದೀತು, ಹದಿನೈದೋ ಇಪ್ಪತ್ತೋ ಸಾವಿರ ಎಂಬ ಅಂದಾಜಿನ ಮೇಲೆ ಅಪ್ಪ-ಮಗ ಇಬ್ಬರೂ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರ ಮೆಟ್ಟಿಲು ಹತ್ತಿದರು. ಇಳಿಯುವಾಗ ಅಪ್ಪನ ಕೈಯಲ್ಲಿದ್ದ ಅಂದಾಜು ಪಟ್ಟಿಯ ಮೊತ್ತ 1,20,000!

ಒಂದಕ್ಕೆ ನಾಲ್ಕು ಸೇರಿದ್ದು ಹೇಗೆ?

ಡಬ್ಬಿಯಿಂದಲೇ ಶುರು ಮಾಡೋಣ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಹಾಕುವ ಮಾದರಿಗೆ ಆಗ 49,990 ರೂಪಾಯಿ, ಡಿಸ್ಕ್ ಇಲ್ಲದ ಮಾದರಿಗೆ 39,990. 2022ರ ನವೆಂಬರಿನಲ್ಲಿ ಎರಡಕ್ಕೂ ಐದೈದು ಸಾವಿರ ಏರಿಸಿ 54,990 ಮತ್ತು 44,990 ಮಾಡಿದರು. ರೇಡಿಯೋ, ಕ್ಯಾಲ್ಕುಲೇಟರ್, ಮೊಬೈಲ್ ಎಲ್ಲ ವರ್ಷ ಕಳೆದಂತೆ ಅಗ್ಗವಾದದ್ದನ್ನು ಕಂಡ ಜನಕ್ಕೆ ಇದು ವಿಚಿತ್ರ. ಇದೇ ಕಂಪನಿಯ ಎರಡನೇ ಪ್ಲೇಸ್ಟೇಷನ್ 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದು, 2009ರ ಹೊತ್ತಿಗೆ 99 ಡಾಲರಿಗೆ ಇಳಿದಿತ್ತು. ಐದನೆಯದು ಅಲ್ಲಿ 499ಕ್ಕೆ ಬಂದು 2025ರ ಆಗಸ್ಟಿನಲ್ಲಿ 549ಕ್ಕೆ ಏರಿತು. ಕಾದರೆ ಇಳಿಯುತ್ತದೆ ಎಂಬ ಹಳೆಯ ಲೆಕ್ಕ ಇಲ್ಲಿ ತಲೆಕೆಳಗಾಗಿದೆ.

ಗುಮಾಸ್ತರು ಉಗುಳು ನುಂಗಿಕೊಂಡು, "ಆಗ್ಲಿ, ಇದೊಂದು ಕೊಡ್ರಿ" ಎಂದರು. ಅಂಗಡಿಯ ಹುಡುಗ ಕೇಳಿದ ಪ್ರಶ್ನೆ ಒಂದೇ: "ಮನೇಲಿ ಟಿ.ವಿ. ಯಾವ್ದೈತಿ ಯಜಮಾನ್ರೇ?"

ಮೂವತ್ತೆರಡು ಇಂಚಿಂದು, 2016ರಲ್ಲಿ ತಂದದ್ದು.

"ಅಯ್ಯೋ! ಅದಕ್ಕಿದನ್ನ ಹಾಕಿದ್ರೆ ಎತ್ತಿನ ಗಾಡಿಗೆ ವಿಮಾನದ ಇಂಜಿನ್ ಕಟ್ಟಿದಂಗ ಆಕ್ಕೈತಿ."

ಅಲ್ಲಿಗೆ ಬೆಕ್ಕಿಗೆ ಹಸು ಬಂತು. ಐವತ್ತೈದು ಇಂಚಿನ ಫೋರ್-ಕೆ ಟಿ.ವಿ., ಸೆಕೆಂಡಿಗೆ 120 ಚಿತ್ರ ತೋರಿಸುವಂಥದ್ದು, ಚೌಕಾಸಿಯ ನಂತರ 50,000. ಮನೆಯಲ್ಲಿ ಇಬ್ಬರು ಮಕ್ಕಳಿರುವುದರಿಂದ ಕೈಯಲ್ಲಿ ಹಿಡಿಯುವ ಇನ್ನೊಂದು ರಿಮೋಟು ಸುಮಾರು 6,000. ಒಂದು ಹೊಸ ಆಟದ ಡಿಸ್ಕು 4,999. ಗೋಡೆಗೆ ಹಾಕುವ ಚೌಕಟ್ಟು, ಕರೆಂಟ್ ಹೋದಾಗ ಡಬ್ಬಿ ಹಾಳಾಗದಿರಲು ಯು.ಪಿ.ಎಸ್. ಸೇರಿ ಮತ್ತೊಂದು ನಾಲ್ಕು ಸಾವಿರ. ಕೂಡಿದರೆ ಲಕ್ಷದ ಇಪ್ಪತ್ತು ಸಾವಿರಕ್ಕೆ ಹನ್ನೊಂದು ರೂಪಾಯಿ ಕಡಿಮೆ!

ಗುಮಾಸ್ತರ ಆರೂವರೆ ತಿಂಗಳಿಗೂ ಹೆಚ್ಚಿನ ಸಂಬಳ.

ಬಡ್ಡಿ ಇಲ್ಲದ ಸಾಲದ ಮರ್ಮ

"ಅಷ್ಟು ದುಡ್ಡು ಒಂದೇ ಸಲ ಯಾರ ಕೊಡ್ತಾರ್ರೀ? ನೋ ಕಾಸ್ಟ್ ಕಂತು ಐತಿ. ತಿಂಗಳಿಗೆ ಹತ್ತು ಸಾವಿರ, ಹನ್ನೆರಡು ತಿಂಗಳು. ಬಡ್ಡಿ ಸೊನ್ನೆ" ಎಂದ ಹುಡುಗ.

ಇಪ್ಪತ್ತೆರಡು ವರ್ಷ ದಲಾಲಿ ಅಂಗಡಿಯಲ್ಲಿ ಖಾತೆ ಬರೆದ ಕೈಗೆ ಇಲ್ಲಿ ಅನುಮಾನ ಬಂದದ್ದು ಸಹಜವೇ. ಸೊನ್ನೆ ಬಡ್ಡಿ ಎಂಬ ವಸ್ತುವೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಬಡ್ಡಿ ಎಲ್ಲಿಗೂ ಹೋಗಿರುವುದಿಲ್ಲ, ವೇಷ ಹಾಕಿಕೊಂಡಿರುತ್ತದೆ. ನಗದು ಕೊಟ್ಟವನಿಗೆ ಸಿಗುವ ರಿಯಾಯಿತಿ ಕಂತಿನವನಿಗೆ ಸಿಗದಿರಬಹುದು. 'ಪ್ರೊಸೆಸಿಂಗ್ ಫೀ' ಎಂದು ಒಂದಷ್ಟು ಹೋಗಬಹುದು, ಅದರ ಮೇಲೆ ಶೇ. 18ರ ಜಿ.ಎಸ್.ಟಿ. ಬೇರೆ. ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೇ: "ಇವತ್ತೇ ಪೂರಾ ದುಡ್ಡು ಎಣಿಸಿದರೆ ಎಷ್ಟಕ್ಕೆ ಕೊಡ್ತೀರಿ?" ಆ ಉತ್ತರಕ್ಕೂ ಕಂತಿನ ಮೊತ್ತಕ್ಕೂ ಇರುವ ವ್ಯತ್ಯಾಸವೇ ಬಡ್ಡಿ.

ಸರಕಾರ ತೆರಿಗೆ ಇಳಿಸಿದೆಯಲ್ಲ ಎನ್ನುವವರಿದ್ದಾರೆ. ನಿಜ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 40,000 ಬೆಲೆಯ ಟಿ.ವಿ. ಮೊದಲು 51,200 ಆಗುತ್ತಿತ್ತು, ಈಗ 47,200. ನಾಲ್ಕು ಸಾವಿರ ಉಳಿತಾಯ. ಆದರೆ ಗೇಮಿನ ಡಬ್ಬಿಗೆ 2019ರ ಜನವರಿಯಿಂದಲೇ ಶೇ. 18 ಇತ್ತು, ಅದರಲ್ಲಿ ಬದಲಾವಣೆ ಇಲ್ಲ. ಟಿ.ವಿ.ಯಲ್ಲಿ ಉಳಿದ ನಾಲ್ಕು ಸಾವಿರ ಒಂದು ಆಟದ ಡಿಸ್ಕಿಗೂ ಸಾಲದು.

ಗುಂಡು ಹಾರಿಸಿದ ಕಾಲ

ಗುಮಾಸ್ತರಿಗೂ ಈ ಚಟ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ಊರೂರಲ್ಲಿ ಟಿ.ವಿ. ಗೇಮಿನ ಅಂಗಡಿಗಳಿದ್ದವು. ಹಳದಿ, ಕೆಂಪು ಕ್ಯಾಸೆಟ್ಟಿನ ಬಾಯಿ ಊದಿ ಊದಿ ತುರುಕಿ, ಮಾರಿಯೋ, ಕಾಂಟ್ರಾ ಆಡಿದ ತಲೆಮಾರು ಅದು. ಆ ಕಾಲದ ಡಬ್ಬಿ ಯಾವ ಟಿ.ವಿ.ಗಾದರೂ ಒಗ್ಗುತ್ತಿತ್ತು. ಆಂಟೆನಾ ಸಿಕ್ಕಿಸುವ ತೂತಿಗೇ ಅದರ ವೈರು ಸಿಕ್ಕಿಸಿ ಚಾನೆಲ್ ತಿರುಗಿಸಿದರೆ ಆಟ ಶುರು. ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವ ಪ್ಲಾಸ್ಟಿಕ್ ಪಿಸ್ತೂಲೂ ಇರುತ್ತಿತ್ತು. ಆ ಪಿಸ್ತೂಲು ಮಾತ್ರ ಹಳೆಯ ಗಾಜಿನ ಕೊಳವೆಯ ಟಿ.ವಿ. ಮೇಲೆ ಗೆರೆ ಗೆರೆಯಾಗಿ ಮೂಡುವ ಬೆಳಕನ್ನು ನಂಬಿಕೊಂಡಿತ್ತು. ಚಪ್ಪಟೆ ಟಿ.ವಿ. ಬಂದ ದಿನ ಅದರ ಗುಂಡು ಖಾಲಿಯಾಯಿತು. ಆಟಕ್ಕೂ ಟಿ.ವಿ.ಗೂ ಇರುವ ಈ ಗಂಟು ಅಂದೇ ಬಿದ್ದದ್ದು. ಈಗ ಬಿಗಿಯಾಗಿದೆ ಅಷ್ಟೆ.

ಹಳೆ ಟಿ.ವಿ. ನಿಜವಾಗಿ ಆಗದೇ?

ಮನೆಗೆ ಬಂದ ಮೇಲೆ ಅಪ್ಪನಿಗೆ ನಿದ್ದೆ ಬರಲಿಲ್ಲ. ಮಗನಿಗೂ ಬರಲಿಲ್ಲ. ಕಾರಣ ಬೇರೆ. ಅಂಗಡಿಯಲ್ಲಿ ಅಪ್ಪ ಪಟ್ಟಿ ಮಡಿಚಿ ಜೇಬಿಗಿಟ್ಟುಕೊಂಡ ರೀತಿಯನ್ನು ಹುಡುಗ ನೋಡಿದ್ದ. ಮನೆಯಲ್ಲಿ ಇದ್ದ ದುಡ್ಡು ಒಂದೇ: ಅಮ್ಮ ಎರಡು ವರ್ಷ ಕಟ್ಟಿ ಎತ್ತಿದ ಒಂದು ಲಕ್ಷದ ಚೀಟಿ. ಅದು ಅಕ್ಕನ ಮುಂದಿನ ವರ್ಷದ ಕಾಲೇಜು ಫೀಜು, ಹಾಸ್ಟೆಲಿಗೆ ಅಂತ ಇಟ್ಟದ್ದು. ತಂದೆ ಆ ಗಂಟಿಗೆ ಕೈ ಹಾಕುವುದಿಲ್ಲ ಎಂದರೂ, ತಿಂಗಳಿಗೆ ಹತ್ತು ಸಾವಿರ ಕಂತು ಹೋದರೆ ಉಳಿದ ಎಂಟು ಸಾವಿರದಲ್ಲಿ ಮನೆ ನಡೆಯುವುದು ಹೇಗೆ? ಕೊನೆಗೆ ಗಂಟು ಬಿಚ್ಚಲೇಬೇಕು.

ಎರಡು ದಿನ ಓದಿ, ಕೇಳಿ, ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದ ಲೆಕ್ಕ ಯಾವ ಇಂಜಿನಿಯರಿಗೂ ಕಡಿಮೆಯಿರಲಿಲ್ಲ.

ಮೊದಲನೆಯದು, ಎಚ್.ಡಿ.ಎಂ.ಐ. ತೂತು ಇರುವ ಯಾವ ಟಿ.ವಿ.ಗಾದರೂ ಹೊಸ ಡಬ್ಬಿ ಚಿತ್ರ ಕೊಡುತ್ತದೆ. ಟಿ.ವಿ. ಎಷ್ಟು ತೋರಿಸಬಲ್ಲದೋ ಅಷ್ಟಕ್ಕೆ ತಾನೇ ಇಳಿದು ಆಡುತ್ತದೆ. 'ಆಗೋದೇ ಇಲ್ಲ' ಎಂಬುದು ವ್ಯಾಪಾರದ ಮಾತು.

ಎರಡನೆಯದು, ಕಣ್ಣಿನ ಲೆಕ್ಕ. ಫುಲ್ ಎಚ್.ಡಿ.ಗೂ ಫೋರ್-ಕೆಗೂ ಇರುವ ಸೂಕ್ಷ್ಮ ವ್ಯತ್ಯಾಸ ಗೊತ್ತಾಗಬೇಕಾದರೆ 43 ಇಂಚಿನ ಟಿ.ವಿ.ಯಿಂದ ಐದೂವರೆ ಅಡಿಯೊಳಗೆ, 55 ಇಂಚಿನದರಿಂದ ಏಳು ಅಡಿಯೊಳಗೆ ಕೂರಬೇಕು. ಅದಕ್ಕಿಂತ ಹಿಂದೆ ಸರಿದರೆ ಸಾಮಾನ್ಯ ದೃಷ್ಟಿಯವರಿಗೆ ಚುಕ್ಕೆಗಳು ಬೇರೆಯಾಗಿ ಕಾಣುವುದಿಲ್ಲ. ಗುಮಾಸ್ತರ ಮನೆಯ ದಿವಾನ ಟಿ.ವಿ.ಯಿಂದ ಎಂಟು ಅಡಿ ದೂರ. ದಿವಾನ ಮುಂದೆ ತಂದರೆ ಅಮ್ಮನ ಹೊಲಿಗೆ ಮಿಷಿನ್ನಿಗೆ ಜಾಗವಿಲ್ಲ.

ಮೂರನೆಯದು, '120' ಎಂಬ ಮಾಯಾಸಂಖ್ಯೆ. ಫೋರ್-ಕೆ ಚಿತ್ರವನ್ನು ಸೆಕೆಂಡಿಗೆ 120 ಸಲ ಪೂರ್ಣವಾಗಿ ಸಾಗಿಸಲು ಎಚ್.ಡಿ.ಎಂ.ಐ. 2.1 ಎಂಬ ಹೊಸ ಬಗೆಯ ದಾರಿ ಬೇಕು. ಹಳೆಯ 2.0ರ ಸಾಮರ್ಥ್ಯ ಸೆಕೆಂಡಿಗೆ 18 ಗಿಗಾಬಿಟ್, ಹೊಸದರ ಗರಿಷ್ಠ 48. ಅಗ್ಗದ ಟಿ.ವಿ.ಗಳ ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿಯ 'ಮೋಷನ್ ರೇಟ್' ಇರಬಹುದು, ಒಳಗಿನ ಪರದೆ 60ರದ್ದೇ ಇರಬಹುದು. '2.1' ಎಂಬ ಚೀಟಿಯೂ ಸಾಲದು; ಹಳೆಯ ಸಾಮರ್ಥ್ಯದ್ದಕ್ಕೂ ಆ ಹೆಸರಿಡಲು ಅವಕಾಶವಿದೆ ಎಂಬುದು 2021ರ ಡಿಸೆಂಬರಿನಲ್ಲಿ ಬಯಲಾಯಿತು. ನಾಲ್ಕು ತೂತುಗಳಲ್ಲಿ ಎರಡಕ್ಕೆ ಮಾತ್ರ ಪೂರ್ಣ ಸಾಮರ್ಥ್ಯ ಕೊಟ್ಟಿರುವ ಟಿ.ವಿ.ಗಳೂ ಇವೆ. ಇಷ್ಟಾಗಿ ಅನೇಕ ಆಟಗಳು ಓಡುವುದು ಸೆಕೆಂಡಿಗೆ 30 ಅಥವಾ 60ರಲ್ಲಿ.

ನಾಲ್ಕನೆಯದು, ಪುಕ್ಕಟೆ ಸಿಗುವ ರಿಪೇರಿ. ಬಟನ್ ಒತ್ತಿದ ಮೇಲೆ ತೆರೆಯ ಮೇಲಿನ ಆಟಗಾರ ತಡವಾಗಿ ಒದೆಯುತ್ತಾನೆ ಎಂಬ ದೂರು ಬಹಳ ಮನೆಗಳದ್ದು. ಟಿ.ವಿ. ಚಿತ್ರವನ್ನು ಅಂದಗೊಳಿಸಲು ತೆಗೆದುಕೊಳ್ಳುವ ಸಮಯ ಅದು, ಕೆಲವು ಟಿ.ವಿ.ಗಳಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಮೀರುತ್ತದೆ. ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಹಾಕಿದರೆ ಆ ಅಲಂಕಾರ ನಿಂತು ತಡ ಕಡಿಮೆಯಾಗುತ್ತದೆ. ಗುಮಾಸ್ತರ ಒಂಬತ್ತು ವರ್ಷ ಹಳೆಯ ಟಿ.ವಿ.ಯಲ್ಲೂ ಅದಿತ್ತು. ಯಾರೂ ಮುಟ್ಟಿರಲಿಲ್ಲ, ಅಷ್ಟೆ.

ಬಿಲ್ಲಿನಲ್ಲಿ ಕಾಣದ ಖರ್ಚು

ಅಂಗಡಿಯ ಪಟ್ಟಿಯಲ್ಲಿಲ್ಲದ ಬಾಬತ್ತೂ ಇವೆ. ಡಬ್ಬಿ ಆಟದ ಹೊತ್ತಿನಲ್ಲಿ ಸುಮಾರು 200 ವ್ಯಾಟ್ ಎಳೆಯುತ್ತದೆ, ದೊಡ್ಡ ಟಿ.ವಿ. 120ರ ಆಸುಪಾಸು. ದಿನಕ್ಕೆ ಮೂರು ಗಂಟೆ ಆಡಿದರೆ ಒಂದು ಯೂನಿಟ್, ತಿಂಗಳಿಗೆ ಮೂವತ್ತು. ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಮಿತಿ ಕಟ್ಟಿದ್ದಾರೆ. ಮಿತಿ ದಾಟಿದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರಾ ಬಿಲ್ಲು. ಮನೆ ಮನೆಯ ಸೊನ್ನೆ ಬಿಲ್ಲು ಒಂದು ಡಬ್ಬಿಯ ಮೂಲಕ ಸೊನ್ನೆಯಾಗದೆ ಹೋಗಬಹುದು.

ಹತ್ತು ಸಾವಿರ ಉಳಿಯುತ್ತದೆಂದು ಡಿಸ್ಕ್ ಇಲ್ಲದ ಮಾದರಿ ಕೊಂಡವರ ಕಥೆ ಬೇರೆ. ಅದಕ್ಕೆ ಆಟಗಳನ್ನು ಇಂಟರ್‌ನೆಟ್ಟಿನಲ್ಲೇ ಕೊಳ್ಳಬೇಕು. ನೂರು ಗಿಗಾಬೈಟ್ ತೂಗುವ ಆಟಗಳುಂಟು. ಮುಖ್ಯವಾಗಿ, ಆಡಿ ಬೇಜಾರಾದ ಮೇಲೆ ಅದನ್ನು ಮಾರುವಂತಿಲ್ಲ, ಗೆಳೆಯನಿಗೆ ಎರವಲು ಕೊಡಲು ಕೈಯಲ್ಲಿ ಡಿಸ್ಕಿಲ್ಲ. ಡಿಸ್ಕಾದರೆ ಕೈ ಬದಲಾಯಿಸಬಹುದು, ಅರ್ಧ ಬೆಲೆಗೆ ಹಳೆಯದನ್ನೂ ತರಬಹುದು.

ಕೊನೆಗೆ ಆದದ್ದು

ಮೂರನೇ ದಿನ ರಾತ್ರಿ ಊಟದ ಹೊತ್ತಿಗೆ ಹುಡುಗನೇ ಬಾಯಿಬಿಟ್ಟ. "ಅಪ್ಪಾಜಿ, ನಾಲ್ಕನೇ ಪ್ಲೇಸ್ಟೇಷನ್ ಸಾಕು. ನಮ್ಮ ಟಿ.ವಿ.ಗೆ ಅದೇ ಸರಿ ಹೊಂದತೈತಿ. ವಿದ್ಯಾನಗರದಾಗ ನನ್ನ ಗೆಳೆಯನ ಅಣ್ಣ ಬೆಂಗಳೂರಿಂದ ಬಂದಾನ, ತಂದು ಮಾರ್ತಾನಂತ."

"ನಾನು ಹೊಸದು ಅಂತ ಮಾತು ಕೊಟ್ಟಿದ್ದೆನಲ್ಲೋ ತಮ್ಮಾ?"

"ನೀವು ಡಬ್ಬಿ ಅಂದಿದ್ರಿ. ಹೊಸದು ಅಂದಿರ್ಲಿಲ್ಲ."

ಅಪ್ಪ ತಟ್ಟೆ ನೋಡುತ್ತ ಸುಮ್ಮನಾದರು. ಅಮ್ಮ ಮತ್ತೊಂದು ರೊಟ್ಟಿ ಹಾಕಿದರು. ಅಕ್ಕನಿಗೆ ಈ ವ್ಯವಹಾರದಲ್ಲಿ ತನ್ನ ಹೆಸರಿದೆ ಎಂಬುದು ತಿಳಿದಿರಲಿಲ್ಲ. ತಿಳಿಸುವ ಅಗತ್ಯವೂ ಯಾರಿಗೂ ಕಾಣಲಿಲ್ಲ.

ಎರಡು ರಿಮೋಟು, ಐದು ಹಳೆಯ ಡಿಸ್ಕು ಸೇರಿ 17,000ಕ್ಕೆ ವ್ಯಾಪಾರ ಕುದುರಿತು. ಕೊಳ್ಳುವ ಮೊದಲು ಒಂದು ತಾಸು ಅಲ್ಲೇ ಕೂತು ಆಡಿಸಿ, ಫ್ಯಾನಿನ ಸದ್ದು ಕೇಳಿ, ಪ್ರತಿ ಡಿಸ್ಕನ್ನೂ ಹಾಕಿ ತೆಗೆದು ನೋಡಿದರು. ದಲಾಲಿ ಅಂಗಡಿಯಲ್ಲಿ ಮೆಕ್ಕೆಜೋಳದ ಚೀಲಕ್ಕೆ ಕೈ ಹಾಕಿ ತಳದ ಕಾಳು ನೋಡುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು. ದೀಪಾವಳಿ ರಾತ್ರಿ ಅಕ್ಕ-ತಮ್ಮ ಫುಟ್‌ಬಾಲ್ ಆಡಿದರು. ಅಪ್ಪನೂ ಒಂದು ಕೈ ನೋಡಿ ಎಂಟು ಗೋಲು ತಿಂದರು.

ಕಥೆ ಇಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ಅದೇ ನವೆಂಬರಿನಲ್ಲಿ ಜಗತ್ತಿನ ಹುಡುಗರೆಲ್ಲ ಕಾಯುತ್ತಿದ್ದ ಗ್ರ್ಯಾಂಡ್ ಥೆಫ್ಟ್ ಆಟೋದ ಆರನೇ ಆಟಕ್ಕೆ 2026ರ ನವೆಂಬರ್ 19ರ ದಿನ ಗೊತ್ತುಮಾಡಿದರು. ಅದು ಬರುವುದು ಐದನೇ ಪ್ಲೇಸ್ಟೇಷನ್ನಿಗೆ ಮತ್ತು ಎಕ್ಸ್‌ಬಾಕ್ಸ್ ಸೀರೀಸಿಗೆ; ನಾಲ್ಕನೆಯದಕ್ಕೆ ಇಲ್ಲ. ಹಳೆಯ ಡಬ್ಬಿ ಕೆಡಬೇಕಾಗಿಯೇ ಇಲ್ಲ, ಹೊಸ ಆಟ ಅದರೊಳಕ್ಕೆ ಹೋಗದಿದ್ದರೆ ಸಾಕು, ಅದು ಹಳತಾಯಿತು. ಇಲಿ ಮತ್ತೆ ಕೌಪೀನದ ಹತ್ತಿರ ಸುಳಿದಾಡುತ್ತಿದೆ ಅಂತಲೇ ಅರ್ಥ.

ಹುಡುಗ ಆ ಸುದ್ದಿ ಓದಿ ಫೋನು ಪಕ್ಕಕ್ಕಿಟ್ಟನಂತೆ. "ನಾನು ದುಡಿಯಾಕ ಹತ್ತಿದ ಮ್ಯಾಲೆ ನೋಡಿದ್ರಾತು, ಅಷ್ಟೊತ್ತಿಗೆ ಅದೂ ಹಳೇದಾಗಿರತೈತಿ" ಎಂದನಂತೆ. ಅಂಗಡಿಯ ಪಟ್ಟಿ ಮಾತ್ರ ಇನ್ನೂ ಗುಮಾಸ್ತರ ಜೇಬಿನಲ್ಲೇ ಇದೆ. ಅದರ ಹಿಂಬದಿಯಲ್ಲಿ ಈಗ ಮಗಳ ಹಾಸ್ಟೆಲಿನ ಲೆಕ್ಕ ಬರೆದಿದ್ದಾರೆ.