ಬಾಟ್ಲಿಯ ಬ್ಯಾಚ್ ನಂಬರ್ ಯಾಕೆ ಕೇಳಬೇಕು? ಅಲ್ಬುಮಿನ್ ಅಲರ್ಜಿಯಿಂದ ಬಳ್ಳಾರಿಯ ಸಾವುಗಳವರೆಗೆ

ನಮ್ಮ ರಾಯಚೂರು ಕಡೆ ದವಾಖಾನಿಗೆ ಹೋಗಿ ಬಂದವರನ್ನು ಮಂದಿ ಮೊದಲು ಕೇಳೋದು, 'ಸಲೈನ್ ಹಚ್ಚಿದ್ರೇನು?' ಅಂತ. ಯಾವ ಸಲೈನ್ ಅಂತ ಕೇಳೋರು ಕಮ್ಮಿ. ಗುಂಜಹಳ್ಳಿಯಿಂದ ಬರಲಿ, ದೇವದುರ್ಗ, ಮಾನ್ವಿಯಿಂದ ಬರಲಿ, ತೂಗುಹಾಕಿದ ಬಾಟ್ಲಿ ಅಂದರೆ ಎಲ್ಲರಿಗೂ 'ಗ್ಲೂಕೋಸೇ'. ಆದರೆ ಅದರಲ್ಲಿ ಉಪ್ಪುನೀರು ಇರಬಹುದು, ರಿಂಗರ್ ಲ್ಯಾಕ್ಟೇಟ್ ಇರಬಹುದು, ಅಲ್ಬುಮಿನ್ ಕೂಡ ಇರಬಹುದು.

ಅಲ್ಬುಮಿನ್ ನಮ್ಮ ಲಿವರ್ ತಯಾರಿಸುವ ಪ್ರೋಟೀನು. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಇದರ ಮುಖ್ಯ ಕೆಲಸ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಆ ನೀರನ್ನು 5 ಲೀಟರಿಗಿಂತ ಹೆಚ್ಚು ತೆಗೆದಾಗ ಇದನ್ನು ಕೊಡುತ್ತಾರೆ. ಇದು ಬರುವುದು ಸಾವಿರಾರು ದಾನಿಗಳ ಪ್ಲಾಸ್ಮಾದಿಂದ. ವೈರಸ್ ಸಾಯಲೆಂದು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಗಂಟೆ ಕಾಯಿಸಿರುತ್ತಾರೆ.

ಮನುಷ್ಯನದೇ ಪ್ರೋಟೀನು ಮನುಷ್ಯನಿಗೆ ಅಲರ್ಜಿ ಆಗುತ್ತಾ? ಅಪರೂಪಕ್ಕೆ ಆಗುತ್ತದೆ. ಉಳಿದುಕೊಂಡ ಬೇರೆ ಪ್ರೋಟೀನುಗಳ ಅಂಶ, ಗಂಟುಕಟ್ಟಿದ ಅಲ್ಬುಮಿನ್, ಕೆಡದಂತೆ ಸೇರಿಸಿದ ರಾಸಾಯನಿಕ, ಇವು ಕಾರಣವಾಗಬಹುದು.

ಮೂರು ತೊಂದರೆ, ಮೂರು ಕಾರಣ

ಮೈ ತುರಿಕೆ, ದದ್ದು, ಮುಖ ಕೆಂಪಾಗುವುದು, ತುಟಿ ಊದುವುದು, ಉಬ್ಬಸ, ಬಿ.ಪಿ. ಕುಸಿತ: ಇವು ಅಲರ್ಜಿಯ ಲಕ್ಷಣ. ಗಂಭೀರ ಅಲರ್ಜಿ ಸಾಮಾನ್ಯವಾಗಿ ಮೊದಲ ಕೆಲವು ನಿಮಿಷಗಳಲ್ಲೇ ಗೊತ್ತಾಗುತ್ತದೆ. ಅಲ್ಬುಮಿನ್ ಬೇಗಬೇಗ ಹರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬರುತ್ತದೆ, ಅದು ಅಲರ್ಜಿಯಲ್ಲ. ಮೈ ನಡುಗಿ ಚಳಿ ಜ್ವರ ಬಂದರೆ ದ್ರವದಲ್ಲೇ ಕಲಬೆರಕೆ ಇದೆಯಾ ಎಂದೂ ನೋಡಬೇಕು.

ಯಾವುದೇ ಇರಲಿ, ಮೊದಲು ಡ್ರಿಪ್ ನಿಲ್ಲಿಸಬೇಕು. ಗಂಭೀರ ಅಲರ್ಜಿಯಾದರೆ ಅಡ್ರಿನಲಿನ್ ತಡಮಾಡದೆ ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಬೇಕು; ವಯಸ್ಕರಿಗೆ 0.5 ಮಿ.ಗ್ರಾಂ. ಅವಿಲ್, ಡೆಕ್ಸಾ ಇಂಜೆಕ್ಷನ್‌ಗಳು ಅದರ ಬದಲಿಯಲ್ಲ. ಹಾಗಾಗಿ ಬಾಟ್ಲಿ ಹಚ್ಚಿದ ಮೊದಲ 15 ನಿಮಿಷ ರೋಗಿಯ ಹತ್ತಿರ ಒಬ್ಬ ನರ್ಸ್ ಇರಬೇಕು, ಕೈಗೆಟಕುವಂತೆ ಅಡ್ರಿನಲಿನ್ ಇರಬೇಕು. ಒಬ್ಬರೇ ನರ್ಸ್ ಇಡೀ ವಾರ್ಡ್ ನೋಡುವ ಕಡೆ ಇದು ಆಗುತ್ತಾ? ಇಲ್ಲಿಂದ ಇದು ವೈದ್ಯಕೀಯದ ಜೊತೆಗೆ ರಾಜಕೀಯದ ಪ್ರಶ್ನೆಯೂ ಆಗುತ್ತದೆ.

ಬಳ್ಳಾರಿ ಕಲಿಸಿದ್ದು

2024ರ ನವೆಂಬರ್‌ನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಲ್ಲಿ ಅನುಮಾನ ಬಿದ್ದದ್ದು ಅಲರ್ಜಿಯ ಮೇಲಲ್ಲ, ರಿಂಗರ್ ಲ್ಯಾಕ್ಟೇಟ್‌ನ ಗುಣಮಟ್ಟದ ಮೇಲೆ. ಪಶ್ಚಿಮ್ ಬಂಗಾ ಫಾರ್ಮಾಸ್ಯುಟಿಕಲ್ಸ್ ಪೂರೈಸಿದ್ದ ದ್ರವದ ಬಳಕೆಯನ್ನು ಸರ್ಕಾರ ನಿಲ್ಲಿಸಿತು, ರಾಜ್ಯ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಇದೇ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಕಳಪೆ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿವೆ ಎಂದಿತ್ತು.

ಇಡೀ ವಾದ ನಿಂತದ್ದು ಬ್ಯಾಚ್‌ಗಳ ಮೇಲೆ ಅನ್ನೋದನ್ನು ಗಮನಿಸಿ. ಯಾವ ರೋಗಿಗೆ ಯಾವ ಬ್ಯಾಚ್ ಹೋಯಿತು ಎಂಬ ದಾಖಲೆ ಇಲ್ಲದಿದ್ದರೆ, ಸಾವಿಗೆ 'ಅವರ ಹಣೆಬರಹ' ಎಂಬ ಷರಾ ಬೀಳುತ್ತದೆ. ಒಂದೇ ಬ್ಯಾಚ್‌ನಿಂದ ನಾಲ್ಕು ಮಂದಿಗೆ ನಡುಕ ಬಂದಿದೆ ಅಂತ ಗೊತ್ತಾದರೆ ಐದನೆಯವರು ಉಳಿಯಬಹುದು.

ಇದಕ್ಕೆ ವ್ಯವಸ್ಥೆ ಇಲ್ಲದಿಲ್ಲ. ಔಷಧದ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ವೈದ್ಯರಷ್ಟೇ ಅಲ್ಲ, ರೋಗಿಯ ಕಡೆಯವರೂ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ದೂರು ದಾಖಲಿಸಬಹುದು. ಕೇಳಿದ 72 ಗಂಟೆಯೊಳಗೆ ಚಿಕಿತ್ಸಾ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನಡಾವಳಿ ನಿಯಮಗಳು ಹೇಳುತ್ತವೆ.

ಸಲೈನ್ ಹಚ್ಚುವಾಗ ಬಾಟ್ಲಿಯ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಇರುವ ಲೇಬಲ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಆದರೆ ಫೋನ್ ಇಲ್ಲದ, ಓದಲು ಬಾರದ ಅವ್ವನಿಗೆ ಈ ಹೊಣೆ ಹೊರಿಸಲಾಗದು. ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಯುವುದು ಪ್ರತಿ ಆಸ್ಪತ್ರೆಯಲ್ಲೂ ಕಡ್ಡಾಯವಾಗಬೇಕು, ಬರೆಯಲು ಬೇಕಾದಷ್ಟು ನರ್ಸ್‌ಗಳ ನೇಮಕವೂ ಆಗಬೇಕು. ಮುಂದಿನ ಸಲ ನಿಮ್ಮ ಶಾಸಕರು ಆಸ್ಪತ್ರೆಯ ಹೊಸ ಕಟ್ಟಡದ ಟೇಪು ಕತ್ತರಿಸಲು ಬಂದಾಗ ಇದನ್ನೇ ಕೇಳಿ.